ಪ್ರಾಣ ಕಾಯ್ದ ರೈಲ್ವೆ ಜೇಬುಗಡಿಯಾರ

ಮೊಬೈಲ್ ನೋಡಿ ಸಮಯ ತಿಳಿಯುವ ಇಂದಿನ ದಿನಗಳಲ್ಲಿ ಜೇಬುಗಡಿಯಾರ ಬಹುತೇಕ ಮರೆಯಾಗಿದೆ. ಆದರೂ ಅಮೆರಿಕದ ಹಳೆಯ ರೈಲ್ವೆ ಜೇಬುಗಡಿಯಾರಗಳನ್ನು ಹುಡುಕಿ ತಂದು, ದುರಸ್ತಿಗೊಳಿಸಿ, ಜೋಪಾನ ಮಾಡುವ ಹವ್ಯಾಸಿಗಳಿಗೆ ಕೊರತೆಯಿಲ್ಲ. ಒಂದು ಕಾಲದಲ್ಲಿ ಸಾವಿರಾರು ಪ್ರಯಾಣಿಕರ ಪ್ರಾಣ ಈ ಪುಟ್ಟ ಯಂತ್ರವನ್ನೇ ನಂಬಿತ್ತು ಎಂಬುದು ಉಲ್ಲೇಖನೀಯ.

ಒಂದೇ ಹಳಿಯ ಮೇಲೆ ಎದುರುಬದುರು ರೈಲುಗಳು ಓಡುತ್ತಿದ್ದ ಕಾಲವದು. ಯಾವ ರೈಲು ಎಲ್ಲಿ ನಿಂತು ದಾರಿ ಬಿಡಬೇಕೆಂಬುದಕ್ಕೆ ವೇಳಾಪಟ್ಟಿ ಹಾಗೂ ಸಿಬ್ಬಂದಿಯ ಜೇಬಿನ ಗಡಿಯಾರವೇ ಆಧಾರ. 1891ರ ಏಪ್ರಿಲ್‌ನಲ್ಲಿ ಒಹಾಯೊ ರಾಜ್ಯದ ಕಿಪ್ಟನ್‌ನಲ್ಲಿ ಪ್ರಯಾಣಿಕರ ರೈಲು ಹಾಗೂ ಟಪಾಲು ರೈಲು ಡಿಕ್ಕಿ ಹೊಡೆದು ಹಲವರು ಮೃತಪಟ್ಟರು. ಸಿಬ್ಬಂದಿಯೊಬ್ಬರ ಗಡಿಯಾರ ನಾಲ್ಕು ನಿಮಿಷ ನಿಂತು ಮತ್ತೆ ನಡೆದದ್ದೇ ಇದಕ್ಕೆ ಕಾರಣ ಎನ್ನಲಾಗುತ್ತದೆ. ದುರಂತದ ಬಳಿಕ ಕ್ಲೀವ್‌ಲ್ಯಾಂಡ್‌ನ ಆಭರಣ ವ್ಯಾಪಾರಿ ವೆಬ್ ಸಿ. ಬಾಲ್ ಅವರಿಗೆ ರೈಲ್ವೆ ಗಡಿಯಾರಗಳ ತಪಾಸಣೆಯ ಹೊಣೆ ವಹಿಸಲಾಯಿತು.

ಕ್ರಮೇಣ ನಿಯಮಗಳು ಬಿಗಿಯಾದವು. ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ಹಿಂದುಮುಂದಾಗಬಾರದು. ಸವೆತ ತಡೆಯಲು ಕನಿಷ್ಠ 17 ಹರಳುಗಳಿರಬೇಕು. ಗಡಿಯಾರವನ್ನು ಐದು ಭಂಗಿಗಳಲ್ಲಿ ಇಟ್ಟರೂ ಅದು ಸರಿಯಾಗಿ ನಡೆಯಬೇಕು. ಅಂಕಿಗಳು ದಪ್ಪವಾಗಿ, ಸ್ಪಷ್ಟವಾಗಿರಬೇಕು. ಕೀಲಿ ಕೊಡುವಾಗ ಮುಳ್ಳು ಅಕಸ್ಮಾತ್ತಾಗಿ ಸರಿಯದಂತೆ, ಮುಂದಿನ ಗಾಜು ಬಿಚ್ಚಿ ಪುಟ್ಟ ಸನ್ನೆಯೊಂದನ್ನು ಎಳೆದ ಮೇಲಷ್ಟೇ ಸಮಯ ಬದಲಿಸಲು ಸಾಧ್ಯವಿರಬೇಕು. ವಾಲ್ತಮ್, ಎಲ್ಜಿನ್, ಹ್ಯಾಮಿಲ್ಟನ್ ಕಂಪನಿಗಳು ಇಂತಹ ಗಡಿಯಾರಗಳಿಗೆ ಹೆಸರಾದವು. ಹ್ಯಾಮಿಲ್ಟನ್‌ನ 21 ಹರಳುಗಳ '992ಬಿ' ಮಾದರಿ 1940ರಿಂದ 1969ರವರೆಗೆ ತಯಾರಾಯಿತು.

ಇವುಗಳ ದುರಸ್ತಿಗೆ ಅಪಾರ ತಾಳ್ಮೆ ಬೇಕು. ಯಂತ್ರವನ್ನು ಪೂರ್ತಿ ಬಿಚ್ಚಿ, ಒಣಗಿ ಅಂಟಾದ ಹಳೆಯ ಎಣ್ಣೆ ತೆಗೆದು, ಸೂಜಿಮೊನೆಯಷ್ಟು ಹೊಸ ಎಣ್ಣೆ ಹಾಕಬೇಕು. ಕೆಳಗೆ ಬಿದ್ದ ಗಡಿಯಾರದಲ್ಲಿ ಬ್ಯಾಲೆನ್ಸ್ ಚಕ್ರದ ಕೂದಲೆಳೆಯಂಥ ಅಚ್ಚು ಮುರಿದಿರುವುದು ಸಾಮಾನ್ಯ. ಮೂಲ ಕಾರ್ಖಾನೆಗಳು ಮುಚ್ಚಿರುವುದರಿಂದ ಬಿಡಿಭಾಗಕ್ಕೆ ಅದೇ ಮಾದರಿಯ ಇನ್ನೊಂದು ಹಾಳಾದ ಗಡಿಯಾರವನ್ನೇ ಅವಲಂಬಿಸುವ ಸಂದರ್ಭಗಳಿವೆ.

ಚಿನ್ನದ ಆಸೆಗೆ ಹೊರಕವಚ ಕರಗಿಸುವವರಿಂದಲೇ ಇವುಗಳಿಗೆ ದೊಡ್ಡ ಕುತ್ತು. ಕವಚ ಕಳೆದುಕೊಂಡ ಎಷ್ಟೋ ಉತ್ತಮ ಯಂತ್ರಗಳು ಅನಾಥವಾಗಿ ಉಳಿದಿವೆ. ಹೊಳಪಿನ ಮೋಹದಲ್ಲಿ ಅತಿಯಾಗಿ ಪಾಲಿಶ್ ಮಾಡಿಸಿದರೂ ಕೆತ್ತನೆ ಅಳಿಸಿ ಇತಿಹಾಸ ಮಾಸುತ್ತದೆ. ಗಡಿಯಾರದ ನಿಜವಾದ ವಯಸ್ಸು ತಿಳಿಯಬೇಕಾದರೆ ಕವಚವನ್ನಲ್ಲ, ಒಳಗಿನ ಯಂತ್ರದ ಮೇಲಿನ ಕ್ರಮಸಂಖ್ಯೆಯನ್ನು ನೋಡಬೇಕು.

ರೈಲ್ವೆಯಲ್ಲಿ ದುಡಿದ ಹಿರಿಯರಿದ್ದ ಕನ್ನಡಿಗರ ಮನೆಗಳ ಪೆಟ್ಟಿಗೆಯಲ್ಲೂ ಹಳೆಯ ಜೇಬುಗಡಿಯಾರವೊಂದು ಮಲಗಿರಬಹುದು. ಯಾವುದೇ ದೇಶದ್ದಾಗಿರಲಿ, ನಿಂತಿದೆಯೆಂದು ಬಲವಂತವಾಗಿ ಕೀಲಿ ತಿರುಗಿಸದೆ, ತೂಕಕ್ಕೆ ಹಾಕದೆ, ಮೊದಲು ನುರಿತ ಗಡಿಯಾರ ದುರಸ್ತಿಗಾರರಿಗೆ ತೋರಿಸುವುದು ಒಳಿತು. ಅಜ್ಜನ ಜೇಬಿನಲ್ಲಿ ನಡೆದ ಗಡಿಯಾರ ಮೊಮ್ಮಗನ ಕೈಯಲ್ಲೂ ನಡೆದೀತು.