ಮುರಿದ ದವಡೆಗೆ ಪ್ಲೇಟ್, ತುಟಿಯ ಸ್ಪರ್ಶಕ್ಕೆ ಕಾವಲು

ಕೆಳದವಡೆಯ ಮೂಳೆಯೊಳಗೆ ಎಡಕ್ಕೊಂದು, ಬಲಕ್ಕೊಂದು ಕಿರುಗಾಲುವೆ ಇದೆ. ದವಡೆಯ ಹಿಂಬದಿಯಲ್ಲಿ, ಒಳಮೈಯ ರಂಧ್ರದ ಮೂಲಕ ಹೊಕ್ಕ ನರ ಈ ಕಾಲುವೆಯಲ್ಲಿ ದವಡೆಹಲ್ಲುಗಳ ಬೇರಿನ ಕೆಳಗೇ ಸಾಗುತ್ತದೆ. ಕೋರೆಹಲ್ಲಿನ ಹಿಂದಿನ ಸಣ್ಣ ದವಡೆಹಲ್ಲುಗಳ ನೇರಕ್ಕೆ ಅದರ ಒಂದು ಕವಲು ಹೊರಬಂದು ಕೆಳತುಟಿ ಮತ್ತು ಗದ್ದಕ್ಕೆ ಹರಡಿಕೊಳ್ಳುತ್ತದೆ. ಮುಟ್ಟಿದ್ದು, ಚುಚ್ಚಿದ್ದು, ಕಾಫಿ ಸುಟ್ಟಿದ್ದು ಅಲ್ಲಿ ತಿಳಿಯುವುದು ಈ ನರದಿಂದಲೇ. ಬೈಕಿನಿಂದ ಬಿದ್ದು ದವಡೆ ಮುರಿದುಕೊಂಡವರು ತುಟಿ ಜೋಮು ಹಿಡಿದಿದೆ ಎಂದರೆ ನರಕ್ಕೂ ಪೆಟ್ಟಾಗಿರುವ ಸುಳಿವು ಅದು. ಹಲ್ಲುಸಾಲು ಮೊದಲಿನಂತೆ ಕೂಡದಿರುವುದು, ನಾಲಿಗೆಯ ಅಡಿಯಲ್ಲಿ ರಕ್ತ ಕಟ್ಟುವುದು ಮುರಿತದ ಇನ್ನೆರಡು ಗುರುತುಗಳು.

ಹಿಂದೆ ಮೇಲಿನ ಮತ್ತು ಕೆಳಗಿನ ಹಲ್ಲುಸಾಲುಗಳನ್ನು ತಂತಿಯಿಂದ ಬಿಗಿದು, ಸಾಮಾನ್ಯವಾಗಿ 4ರಿಂದ 6 ವಾರ ಬಾಯಿ ತೆರೆಯದಂತೆ ಮಾಡುತ್ತಿದ್ದರು. ಅಷ್ಟು ದಿನ ಗಂಜಿ, ಹಾಲು, ಸಾರೇ ಗತಿ. ಸರಳ ಮುರಿತಗಳಿಗೆ ಈಗಲೂ ಅದು ಸಲ್ಲುವ ಚಿಕಿತ್ಸೆಯೇ. ಆಮೇಲೆ ಬಂದ ದಪ್ಪ ಪ್ಲೇಟುಗಳನ್ನು ದವಡೆಯ ಕೆಳ ಅಂಚಿಗೆ ಕೂರಿಸಿ, ಮೂಳೆಯ ಎರಡೂ ಗೋಡೆ ದಾಟುವಂತೆ ಸ್ಕ್ರೂ ಬಿಗಿಯಲಾಗುತ್ತಿತ್ತು. ಹಿಡಿತವೇನೋ ಗಟ್ಟಿ. ಆದರೆ ಇದಕ್ಕಾಗಿ ಅನೇಕ ವೇಳೆ ಕತ್ತಿನ ಕಡೆಯಿಂದ ಚರ್ಮ ಕೊಯ್ಯಬೇಕಿತ್ತು. ಕೆಳತುಟಿಯನ್ನು ಆಡಿಸುವ ಬೇರೊಂದು ನರ ಹಾದುಹೋಗುವುದು ಅಲ್ಲಿಯೇ. ಅದು ತುಂಡಾದರೆ ನಗುವಾಗ ತುಟಿ ಸೊಟ್ಟಗಾಗುತ್ತದೆ. ಹಾಗಾಗಿ ಹೊರಗಿನಿಂದ ಕೊಯ್ಯಲೇಬೇಕಾದಾಗ ದವಡೆಯ ಅಂಚಿನಿಂದ ಸುಮಾರು 2 ಸೆಂ.ಮೀ. ಕೆಳಗೆ ಗೆರೆ ಹಾಕುವುದು ರೂಢಿ.

1970ರ ದಶಕದಲ್ಲಿ ಫ್ರಾನ್ಸಿನ ಮಿಶೆಲೆ, ಬಳಿಕ ಸ್ಟ್ರಾಸ್‌ಬರ್ಗಿನ ಮ್ಯಾಕ್ಸಿಮ್ ಶಾಂಪಿ ಈ ಲೆಕ್ಕವನ್ನೇ ಬದಲಿಸಿದರು. ಅಗಿಯುವಾಗ ಮುರಿತದ ಮೇಲಂಚು ಬಾಯ್ದೆರೆಯುತ್ತದೆ, ಕೆಳಂಚು ಒತ್ತಿಕೊಳ್ಳುತ್ತದೆ. ತೆರೆಯುವ ಅಂಚನ್ನು ಹಿಡಿದಿಟ್ಟರೆ ಉಳಿದದ್ದನ್ನು ಸ್ನಾಯುಗಳ ಬಲವೇ ನೋಡಿಕೊಳ್ಳುತ್ತದೆ ಎಂಬುದು ಶಾಂಪಿಯವರ ತರ್ಕ. ದವಡೆಯ ಕೋನದಲ್ಲಿ, ಬುದ್ಧಿಹಲ್ಲಿನ ಪಕ್ಕದ ಏಣಿನ ಮೇಲೆ ಒಂದು ತೆಳು ಪ್ಲೇಟ್ ಸಾಕು. ಗದ್ದದ ಭಾಗದಲ್ಲಿ ಮೂಳೆ ತಿರುಚಿಕೊಳ್ಳುವುದರಿಂದ ಮೇಲೊಂದು, ಕೆಳಗೊಂದು ಎರಡು ಬೇಕು. ಸ್ಕ್ರೂಗಳು ಹೊರಗೋಡೆಯನ್ನು ಮಾತ್ರ ಹಿಡಿಯುವಷ್ಟು ಗಿಡ್ಡ, ಆದ್ದರಿಂದ ಒಳಗಿನ ನರವನ್ನೂ ಹಲ್ಲಿನ ಬೇರನ್ನೂ ಚುಚ್ಚುವ ಅಪಾಯ ಕಡಿಮೆ. ಬಾಯೊಳಗಿನಿಂದಲೇ ಕೆಲಸ ಮುಗಿಯುವುದರಿಂದ ಮುಖದ ಮೇಲೆ ಕಲೆಯೂ ಉಳಿಯುವುದಿಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಉಸಿರಾಟದ ಕೊಳವೆಯನ್ನು ಸಾಮಾನ್ಯವಾಗಿ ಮೂಗಿನಿಂದ ಹಾಕುತ್ತಾರೆ, ಹಲ್ಲು ಕಚ್ಚಿಸಿ ನೋಡಬೇಕಲ್ಲ. ಮೊದಲು ಹಲ್ಲುಗಳ ಹೊಂದಾಣಿಕೆ, ಆಮೇಲೆ ಮೂಳೆ: ಈ ಕ್ರಮ ತಪ್ಪಿದರೆ ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುವ ದವಡೆಯೂ ಊಟಕ್ಕೆ ಬಾರದು. ಅತಿ ಸೂಕ್ಷ್ಮ ಜಾಗವೆಂದರೆ ನರ ಹೊರಬರುವ ರಂಧ್ರದ ಸುತ್ತಮುತ್ತ. ಅಲ್ಲಿ ನರವನ್ನು ಕಣ್ಣಾರೆ ಗುರುತಿಸಿ, ಸುತ್ತಲಿನ ಅಂಗಾಂಶವನ್ನು ಮೆಲ್ಲಗೆ ಬಿಡಿಸಿ, ಎಳೆತ ಬೀಳದಂತೆ ಸರಿಸಿಕೊಂಡು, ಪ್ಲೇಟನ್ನು ಮೂಳೆಯ ಬಾಗಿಗೆ ತಕ್ಕಂತೆ ಬಗ್ಗಿಸಿ ಕೂರಿಸಬೇಕು. ಡ್ರಿಲ್ ಕಾಯದಂತೆ ಉದ್ದಕ್ಕೂ ನೀರು ಬಿಡುತ್ತಾರೆ. ಅವಸರದಲ್ಲಿ ಜೋರಾಗಿ ಎಳೆದರೆ, ಅಪಘಾತದಲ್ಲಿ ಉಳಿದಿದ್ದ ನರ ಮೇಜಿನ ಮೇಲೆ ಹಾಳಾಗಬಹುದು.

ನರದ ಪೆಟ್ಟನ್ನು 1943ರಲ್ಲಿ ಬ್ರಿಟನ್ನಿನ ಸೆಡನ್ ಮೂರು ಬಗೆಯಾಗಿ ವಿಂಗಡಿಸಿದರು. ಬರೀ ಅದುಮಿದ್ದರೆ ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಸ್ಪರ್ಶ ಮರಳುತ್ತದೆ. ಒಳಗಿನ ಎಳೆಗಳು ಕಡಿದು ಹೊದಿಕೆ ಉಳಿದಿದ್ದರೆ ಎಳೆಗಳು ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತವೆ, ತಿಂಗಳುಗಟ್ಟಲೆ ಕಾಯಬೇಕು, ನಡುವೆ ಇರುವೆ ಹರಿದಂಥ ಅನುಭವವೂ ಆಗಬಹುದು. ಪೂರ್ತಿ ತುಂಡಾದ ನರ ತಾನಾಗಿ ಸರಿಹೋಗುವ ಸಂಭವ ಬಹಳ ಕಡಿಮೆ, ಹೊಲಿಗೆ ಬೇಕಾಗಬಹುದು.

ಹತ್ತಿಯೆಳೆ, ಸೂಜಿಮೊನೆಗಳಿಂದ ತುಟಿಯ ಸ್ಪರ್ಶವನ್ನು ಪರೀಕ್ಷಿಸಿ ಬರೆದಿಡುವುದು ಅರಿವಳಿಕೆಗೂ ಮುನ್ನ ಆಗಬೇಕಾದ ಕೆಲಸ. ಜೋಮು ಅಪಘಾತದ್ದೋ ಶಸ್ತ್ರಚಿಕಿತ್ಸೆಯದ್ದೋ ಎಂದು ಆಮೇಲೆ ಹೇಳುವುದು ಕಷ್ಟ. ಟೈಟಾನಿಯಂ ಪ್ಲೇಟ್ ಸೋಂಕು, ಸಡಿಲಿಕೆಯಂಥ ತೊಂದರೆ ಕೊಡದಿದ್ದರೆ ಒಳಗೇ ಇರಬಹುದು. ಇನ್ನು ಅರ್ಧ ಹೆಲ್ಮೆಟ್ ತಲೆಗಷ್ಟೇ. ಗದ್ದಕ್ಕೆ ರಕ್ಷಣೆ ಬೇಕೆಂದರೆ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ಟನ್ನೇ ಹಾಕಿಕೊಳ್ಳಬೇಕು.