ಇಂಗ್ಲಿಷ್ ಬೋಧನೆಯ ಸ್ನಾತಕೋತ್ತರ ಪ್ರಬಂಧ: ಕನ್ನಡವೂ ಒಂದು ಸಾಧನ

ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಆ ಭಾಷೆಯನ್ನು ಕಲಿಸುವ ಬಗೆ ಇಂದು ಒಂದು ಸ್ವತಂತ್ರ ಅಧ್ಯಯನ ಶಾಖೆ. 1958ರಲ್ಲಿ ಹೈದರಾಬಾದಿನಲ್ಲಿ ಆರಂಭಗೊಂಡು 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾದ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವು ಈ ಅಧ್ಯಯನಕ್ಕೆ ಹೆಸರಾಗಿದೆ. ನಮ್ಮ ಮನೆಗಳ ಮಕ್ಕಳೂ ಈ ಶಾಖೆಯತ್ತ ಒಲವು ತೋರುವುದುಂಟು. ಸ್ನಾತಕೋತ್ತರ ಪದವಿಗಾಗಿ ಪ್ರಬಂಧ ಬರೆಯಲು ಹೊರಟಾಗ ಅವರು ಮೊದಲು ಎಡವುವುದು ವಿಷಯದ ಆಯ್ಕೆಯಲ್ಲಿ.

'ಭಾರತದಲ್ಲಿ ಇಂಗ್ಲಿಷ್ ಬೋಧನೆಯ ಸಮಸ್ಯೆಗಳು' ಎಂಬ ವಿಷಯ ಕೇಳಲು ಘನವಾದುದು. ಆದರೆ ಜೀವಮಾನವಿಡೀ ಬರೆದರೂ ಮುಗಿಯದು. ಒಂದು ಶಾಲೆ, ಒಂದು ತರಗತಿ, ಒಂದೇ ಪ್ರಶ್ನೆ: ಪ್ರಬಂಧಕ್ಕೆ ಇಷ್ಟು ಸಾಕು.

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದರ ಎಂಟನೆಯ ತರಗತಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮಕ್ಕಳ ಬರವಣಿಗೆಯಲ್ಲಿ 'ಎ', 'ದಿ' ಎಂಬ ಪದಗಳು ಬಿಟ್ಟುಹೋಗುತ್ತವೆ. 'ಮಾರುಕಟ್ಟೆಗೆ ಹೋದೆ' ಎನ್ನುವ ಕನ್ನಡದಲ್ಲಿ ಅಂತಹ ಪದಗಳೇ ಇಲ್ಲ. ಆದ್ದರಿಂದ ಇದು ಕನ್ನಡದ ಪ್ರಭಾವವೆಂದು ಬರೆದುಬಿಡುವ ಆತುರ ಸಹಜ. ಆದರೆ ಮರಾಠಿಯಲ್ಲಿಯೂ ಅವು ಇಲ್ಲ. ನೆರೆಯ ಮರಾಠಿ ಶಾಲೆಯ ಮಕ್ಕಳ ಬರವಣಿಗೆಯೊಡನೆ ಹೋಲಿಸಿ ನೋಡಿದಾಗ ಮಾತ್ರ ಯಾವುದು ಕನ್ನಡದಿಂದ ಬಂದ ತಪ್ಪು, ಯಾವುದು ಕಲಿಯುವವರೆಲ್ಲರೂ ಮಾಡುವ ತಪ್ಪು ಎಂಬುದು ತಿಳಿದೀತು.

ತಪ್ಪು ಎಂಬುದು ಅಪರಾಧವಲ್ಲ, ಕಲಿಕೆ ಎಲ್ಲಿಯವರೆಗೆ ಬಂದಿದೆ ಎಂಬುದರ ಸುಳಿವು ಎಂದು ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿಯೇ ವಾದಿಸಿದ್ದರು. ಸಾಮಾನ್ಯ ತರಗತಿಯೇ ದೊಡ್ಡ ಚಿಂತನೆಗೆ ನೆಲೆಯಾಗಬಲ್ಲದೆಂಬುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. ಎನ್.ಎಸ್. ಪ್ರಭು ಅವರು 1979ರಿಂದ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣ ಪಾಠವನ್ನು ಬದಿಗಿರಿಸಿ, ರೈಲು ವೇಳಾಪಟ್ಟಿ ಓದುವಂತಹ ಕೆಲಸಗಳ ಮೂಲಕ ಇಂಗ್ಲಿಷ್ ಕಲಿಸಿ ನೋಡಿದರು. 'ಬೆಂಗಳೂರು ಯೋಜನೆ' ಎಂದು ಹೆಸರಾದ ಆ ಪ್ರಯೋಗವನ್ನು ಕುರಿತ ಅವರ ಗ್ರಂಥ 1987ರಲ್ಲಿ ಪ್ರಕಟವಾಯಿತು. ಚಟುವಟಿಕೆ ಆಧಾರಿತ ಭಾಷಾ ಬೋಧನೆಯನ್ನು ಅಭ್ಯಸಿಸುವವರು ಇಂದಿಗೂ ಅದನ್ನು ಓದುತ್ತಾರೆ.

ಪ್ರಶ್ನೆ ನಿಶ್ಚಯವಾದ ಮೇಲೆ ಮುಖ್ಯೋಪಾಧ್ಯಾಯರ ಹಾಗೂ ಪೋಷಕರ ಒಪ್ಪಿಗೆ ಪಡೆಯಬೇಕು. ಮಕ್ಕಳ ಹೆಸರುಗಳನ್ನು ಮರೆಮಾಡಬೇಕು. ಪ್ರಶ್ನಾವಳಿಯನ್ನು ಮೊದಲು ನಾಲ್ಕಾರು ಮಕ್ಕಳ ಮೇಲೆ ಪರೀಕ್ಷಿಸಿ ತಿದ್ದಿಕೊಳ್ಳಬೇಕು. ಹಿಂದಿನವರ ಸಂಶೋಧನೆಯನ್ನು ಬರಿದೆ ಪಟ್ಟಿ ಮಾಡದೆ, ತನ್ನ ಪ್ರಶ್ನೆಗೆ ಅದು ಎಷ್ಟರಮಟ್ಟಿಗೆ ಉತ್ತರಿಸಿದೆ, ಎಲ್ಲಿ ನಿಂತಿದೆ ಎಂಬುದನ್ನು ತೋರಿಸಬೇಕು. ಮೂವತ್ತು ಮಕ್ಕಳನ್ನು ನೋಡಿ ಇಡೀ ನಾಡಿನ ಬಗ್ಗೆ ತೀರ್ಪು ಕೊಡಬಾರದು. ಕೊನೆಯ ಅಧ್ಯಾಯವು ಆ ತರಗತಿಯ ಶಿಕ್ಷಕಿಗೆ ನಾಳೆಯೇ ಉಪಯೋಗಕ್ಕೆ ಬರುವಂತಿದ್ದರೆ ಶ್ರಮ ಸಾರ್ಥಕ.

ಇಂಗ್ಲಿಷ್ ಬೋಧನೆಯ ಸಂಶೋಧನೆಗೆ ಮನೆಯ ಕನ್ನಡ ಅಡ್ಡಿಯೆಂದು ಭಾವಿಸುವ ಪೋಷಕರು ನಮ್ಮಲ್ಲಿದ್ದಾರೆ. ನಾವು ಹೇಳುವುದಿಷ್ಟೆ: ಕನ್ನಡ ಬಾರದವರು ಆ ಮಕ್ಕಳ ತಪ್ಪುಗಳನ್ನು ಎಣಿಸಬಲ್ಲರು, ಕನ್ನಡ ಬಲ್ಲವರಿಗೆ ಅವು ಹುಟ್ಟಿದ ಬಗೆಯೂ ಗೋಚರಿಸೀತು. ಆದ್ದರಿಂದ ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಉನ್ನತ ಪದವಿ ಪಡೆಯಲಿ; ಮನೆಮಾತನ್ನೂ ಜತೆಗಿರಿಸಿಕೊಳ್ಳಲಿ.