ನಾರ್ಫಕ್ ಕರಾವಳಿಗೆ ಬರುವ ಅಪರೂಪದ ಹಕ್ಕಿಗಳು

ಬೇಸಾಯಶಾಸ್ತ್ರ ಓದಿದವರಿಗೆ ಇಂಗ್ಲೆಂಡಿನ ನಾರ್ಫಕ್ ಎಂಬ ಹೆಸರು ಹೊಸದಲ್ಲ. ಗೋಧಿ, ಟರ್ನಿಪ್ ಗೆಡ್ಡೆ, ಬಾರ್ಲಿ ಮತ್ತು ಕ್ಲೋವರ್ ಮೇವನ್ನು ನಾಲ್ಕು ವರ್ಷಗಳಲ್ಲಿ ಸರದಿಯಂತೆ ಬೆಳೆಯುವ ‘ನಾರ್ಫಕ್ ಪದ್ಧತಿ’ಯ ಬೆಳೆ ಪರಿವರ್ತನೆ 18ನೆಯ ಶತಮಾನದಲ್ಲಿ ಈ ಕೌಂಟಿಯ ಹೆಸರಿನಿಂದಲೇ ಪ್ರಸಿದ್ಧಿಗೆ ಬಂದಿತು. ಕೌಂಟಿಯೆಂದರೆ ಜಿಲ್ಲೆಯಂತಹ ಒಂದು ಪ್ರಾಂತ. ಇದೇ ನಾರ್ಫಕ್ ಹಕ್ಕಿಗಳ ಅಭ್ಯಾಸಿಗಳಲ್ಲಿ ಮತ್ತೊಂದು ಕಾರಣಕ್ಕೆ ಹೆಸರಾಗಿದೆ. ಪ್ರತಿವರ್ಷ ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ, ಅಂದರೆ ಅಲ್ಲಿನ ಶರತ್ಕಾಲದಲ್ಲಿ, ಸಾವಿರಾರು ಮೈಲಿ ದೂರದ ಸೈಬೀರಿಯ ಮತ್ತು ಮಧ್ಯ ಏಷ್ಯದ ಹಕ್ಕಿಗಳು ಒಂದೆರಡಾಗಿ ಈ ಕರಾವಳಿಯಲ್ಲಿ ಕಾಣಿಸಿಕೊಳ್ಳುತ್ತವೆ. ಇವುಗಳಲ್ಲಿ ಕೆಲವು ಕರ್ನಾಟಕದ ಹೊಲ, ತೋಟಗಳಿಗೆ ಚಳಿಗಾಲದಲ್ಲಿ ತಪ್ಪದೆ ಬರುವ ಹಕ್ಕಿಗಳೇ ಆಗಿವೆ. ಇವು ಅಲ್ಲಿಗೆ ಏಕೆ ಹೋಗುತ್ತವೆ, ಹೋದ ಮೇಲೆ ಹೇಗೆ ಬದುಕುತ್ತವೆ, ಇದರಲ್ಲಿ ರೈತನ ಪಾತ್ರವೇನು ಎಂಬುದು ತಿಳಿಯತಕ್ಕ ವಿಷಯ.

ಕರಾವಳಿಯ ಲಕ್ಷಣ

ನಾರ್ಫಕ್ ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಉತ್ತರ ಸಮುದ್ರಕ್ಕೆ ಚಾಚಿಕೊಂಡಿದೆ. ಉತ್ತರದ ಕರಾವಳಿಯುದ್ದಕ್ಕೂ ಉಪ್ಪು ನೀರಿನ ಜೌಗು, ಜೊಂಡು ಬೆಳೆದ ತಗ್ಗು, ಮರಳ ದಿಬ್ಬ ಮತ್ತು ಹುಲ್ಲುಗಾವಲುಗಳಿವೆ. ಅವುಗಳ ಹಿಂದೆಯೇ ಕೃಷಿ ಭೂಮಿ ಆರಂಭವಾಗುತ್ತದೆ. ಬ್ಲೇಕ್ನಿ ಪಾಯಿಂಟ್ ಎಂಬುದು ಸಮುದ್ರದೊಳಕ್ಕೆ ನಾಲಿಗೆಯಂತೆ ಚಾಚಿರುವ ಗುಂಡುಕಲ್ಲು ಮತ್ತು ಮರಳಿನ ದಿಬ್ಬ. ಇದು 1912ರಿಂದ ಸಂರಕ್ಷಿತ ಸ್ಥಳ. ಪಕ್ಕದ ಕ್ಲೇ ಎಂಬ ಹಳ್ಳಿಯ ಜೌಗು ಭೂಮಿಯನ್ನು 1926ರಲ್ಲಿ ಹಕ್ಕಿಗಳಿಗಾಗಿಯೇ ಕೊಂಡು, ಅದನ್ನು ನೋಡಿಕೊಳ್ಳಲು ಒಂದು ಸಂಸ್ಥೆಯನ್ನು ಸ್ಥಾಪಿಸಲಾಯಿತು. ಬ್ರಿಟನ್ನಿನಲ್ಲಿ ಕೌಂಟಿಗೊಂದರಂತೆ ಇಂದು ಇರುವ ವನ್ಯಜೀವಿ ಸಂಸ್ಥೆಗಳಿಗೆ ಇದೇ ಮೊದಲನೆಯದು. ಪಶ್ಚಿಮಕ್ಕೆ ಹೋಲ್ಕಮ್ ಎಂಬಲ್ಲಿ ಮರಳ ದಿಬ್ಬಗಳನ್ನು ಹಿಡಿದು ನಿಲ್ಲಿಸಲು 19ನೆಯ ಶತಮಾನದಲ್ಲಿ ನೆಟ್ಟ ಪೈನ್ ಮರಗಳ ತೋಪಿದೆ. ಅದರಾಚೆ ಟಿಚ್‌ವೆಲ್ ಎಂಬಲ್ಲಿ 1973ರಲ್ಲಿ ಇನ್ನೊಂದು ಪಕ್ಷಿಧಾಮವಾಯಿತು.

ಸಮುದ್ರ ದಾಟಿ ದಣಿದು ಬಂದ ಹಕ್ಕಿಗೆ ಮೊದಲು ಕಾಣುವ ಪೊದೆಯೇ ಆಶ್ರಯ. ಆದುದರಿಂದ ಬ್ಲೇಕ್ನಿ ಪಾಯಿಂಟಿನ ಮೊಣಕಾಲೆತ್ತರದ ಉಪ್ಪುಗಿಡಗಳಲ್ಲೂ, ಹೋಲ್ಕಮ್ಮಿನ ತೋಪಿನಲ್ಲೂ, ಹೊಲದಂಚಿನ ಬೇಲಿಸಾಲುಗಳಲ್ಲೂ ಅಪರೂಪದ ಹಕ್ಕಿಗಳು ಸಿಗುತ್ತವೆ.

ಗಾಳಿಯ ಪಾತ್ರ

ಹಕ್ಕಿಗಳ ಆಗಮನಕ್ಕೂ ಹವಾಮಾನಕ್ಕೂ ನೇರ ಸಂಬಂಧವಿದೆ. ಸ್ಕ್ಯಾಂಡಿನೇವಿಯದ ಮೇಲೆ ವಾಯುಭಾರ ಹೆಚ್ಚಾಗಿ ಆಕಾಶ ತಿಳಿಯಾದಾಗ ಅಲ್ಲಿನ ಸಣ್ಣ ಹಕ್ಕಿಗಳು ಸಂಜೆಯ ಹೊತ್ತಿಗೆ ದಕ್ಷಿಣಕ್ಕೆ ಹೊರಡುತ್ತವೆ. ಇವು ಹೆಚ್ಚಾಗಿ ರಾತ್ರಿಯಲ್ಲಿ ಹಾರುತ್ತವೆ. ಉತ್ತರ ಸಮುದ್ರದ ಮೇಲೆ ಪೂರ್ವದ ಗಾಳಿ ಬೀಸುತ್ತಿದ್ದು, ಜೊತೆಗೆ ಮೋಡ, ಮಳೆ ಅಥವಾ ಮಂಜು ಕವಿದರೆ, ಅವು ಪಶ್ಚಿಮಕ್ಕೆ ತೇಲಿಹೋಗಿ ಸಿಕ್ಕಿದ ಮೊದಲ ನೆಲಕ್ಕೆ ಇಳಿಯುತ್ತವೆ. 1965ರ ಸೆಪ್ಟೆಂಬರ್ 3ರಂದು ಹೀಗೆಯೇ ನಾರ್ಫಕ್ಕಿನ ದಕ್ಷಿಣಕ್ಕಿರುವ ಸಫಕ್ ಕೌಂಟಿಯ ತೀರದಲ್ಲಿ ಲಕ್ಷಗಟ್ಟಲೆ ಹಕ್ಕಿಗಳು ಒಂದೇ ದಿನ ಇಳಿದವು. ಅಂತಹ ಹಿಂಡುಗಳ ನಡುವೆಯೇ ಬಹು ದೂರದ ಒಂದೆರಡು ಹಕ್ಕಿಗಳೂ ಇರುತ್ತವೆ. ವಾಯವ್ಯದಿಂದ ಬಿರುಗಾಳಿ ಬೀಸಿದರೆ ಸಣ್ಣ ಹಕ್ಕಿಗಳ ಬದಲು ಕಡಲಹಕ್ಕಿಗಳು ತೀರದ ಸಮೀಪಕ್ಕೆ ತಳ್ಳಲ್ಪಡುತ್ತವೆ.

ಹೀಗೆ ಬರುವ ಹಕ್ಕಿಗಳ ಪೈಕಿ ಹಳದಿ ಹುಬ್ಬಿನ ಉಲಿಯಕ್ಕಿ ಒಂದು. ಇದರ ತೂಕ ಸುಮಾರು 6 ಗ್ರಾಂ ಮಾತ್ರ. ಸೈಬೀರಿಯದ ಕಾಡುಗಳಲ್ಲಿ ಮರಿಮಾಡುವ ಇದು ಸಾಮಾನ್ಯವಾಗಿ ಆಗ್ನೇಯ ಏಷ್ಯಕ್ಕೆ ವಲಸೆ ಹೋಗುತ್ತದೆ. ಇದರ ಸಂಬಂಧಿಯಾದ ಪಲಾಸ್ ಉಲಿಯಕ್ಕಿಯನ್ನು ಬ್ರಿಟನ್ನಿನಲ್ಲಿ ಮೊಟ್ಟಮೊದಲು ಕಂಡದ್ದು 1896ರ ಅಕ್ಟೋಬರ್ 31ರಂದು, ಕ್ಲೇ ಹಳ್ಳಿಯಲ್ಲಿ. ಅಂದಿನ ರೂಢಿಯಂತೆ ಅದನ್ನು ಗುಂಡು ಹೊಡೆದು ಕೆಡವಲಾಯಿತು. ಆಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ದೇಶದಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಅಲ್ಲಿ ಅಪರೂಪ, ಇಲ್ಲಿ ಸಾಮಾನ್ಯ

ಹಕ್ಕಿಯೊಂದು ಅಪರೂಪವೆನ್ನುವುದು ಸ್ಥಳವನ್ನು ಅವಲಂಬಿಸಿದ ಮಾತು. ಫಿನ್ಲೆಂಡ್, ರಷ್ಯಗಳಲ್ಲಿ ಮರಿಮಾಡುವ ಹಸಿರು ಛಾಯೆಯ ಗ್ರೀನಿಷ್ ಉಲಿಯಕ್ಕಿ ಶರತ್ಕಾಲದಲ್ಲಿ ಆಗ್ನೇಯ ದಿಕ್ಕಿಗೆ ಹೊರಟು ಭಾರತಕ್ಕೆ ಬರುತ್ತದೆ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟದ ನೆರಳು ಮರಗಳಲ್ಲಿ ಚಳಿಗಾಲವಿಡೀ ಎಲೆ ಎಲೆಗೂ ಹುಳು ಹೆಕ್ಕುತ್ತಾ ‘ಚಿಸ್ವಿಟ್’ ಎಂದು ಕೂಗುವ ಪುಟ್ಟ ಹಕ್ಕಿ ಇದೇ. ನಾರ್ಫಕ್ಕಿನಲ್ಲಿ ಇದೊಂದು ಕಂಡರೆ ನೋಡಲು ದೂರದೂರುಗಳಿಂದ ಜನ ಬರುತ್ತಾರೆ. ಬೇಲಿ, ಪೊದೆಗಳಲ್ಲಿ ‘ಚಕ್ ಚಕ್’ ಎನ್ನುತ್ತಾ ಅಡಗಿ ತಿರುಗುವ ಬ್ಲೈತ್ ಜೊಂಡು ಉಲಿಯಕ್ಕಿಯ ಸಂಗತಿಯೂ ಹೀಗೆಯೇ. ಕರ್ನಾಟಕದ ಹಿತ್ತಲುಗಳಲ್ಲಿ ಅದು ಚಳಿಗಾಲದ ಖಾಯಂ ಅತಿಥಿ, ನಾರ್ಫಕ್ಕಿನಲ್ಲಿ ಬಲು ಅಪರೂಪ.

ಗುಲಾಬಿ ಕಬ್ಬಕ್ಕಿಯನ್ನು ಉತ್ತರ ಕರ್ನಾಟಕದ ಜೋಳದ ರೈತರಿಗೆ ಪರಿಚಯಿಸಬೇಕಾದ ಅಗತ್ಯವಿಲ್ಲ. ಮಧ್ಯ ಏಷ್ಯ ಮತ್ತು ಆಗ್ನೇಯ ಯೂರೋಪಿನಲ್ಲಿ ಮರಿಮಾಡಿ, ಮಳೆಗಾಲ ಮುಗಿಯುವ ಮೊದಲೇ ಇಲ್ಲಿಗೆ ಬರತೊಡಗುವ ಈ ಹಕ್ಕಿ, ತೆನೆ ಹಾಲುಗಟ್ಟುವ ಕಾಲಕ್ಕೆ ಮೋಡದಂತೆ ಹೊಲಕ್ಕಿಳಿಯುತ್ತದೆ. ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿದವರಿಗೆಲ್ಲ ಇದರ ಕಾಟ ಗೊತ್ತು. ನಾರ್ಫಕ್ಕಿಗಾದರೋ ಶರತ್ಕಾಲದಲ್ಲಿ ದಾರಿ ತಪ್ಪಿದ ಎಳೆಯ ಹಕ್ಕಿ ಒಂದೊಂದು ಬಂದು, ಊರ ಕಬ್ಬಕ್ಕಿಗಳ ಹಿಂಡಿನಲ್ಲಿ ಸೇರಿಕೊಳ್ಳುತ್ತದೆ. ಇಲ್ಲಿ ಓಡಿಸಲ್ಪಡುವ ಹಕ್ಕಿಯನ್ನು ಅಲ್ಲಿ ದೂರದರ್ಶಕ ಹಿಡಿದು ಕಾಯುತ್ತಾರೆ. ಇದೇ ಹಕ್ಕಿಯನ್ನು ಚೀನದ ಷಿನ್‌ಜಿಯಾಂಗ್ ಪ್ರಾಂತದಲ್ಲಿ ಮಿಡತೆಗಳ ಹತೋಟಿಗಾಗಿ ಕಲ್ಲಿನ ಕೃತಕ ಗೂಡುಗಳನ್ನು ಕಟ್ಟಿ ಬರಮಾಡಿಕೊಳ್ಳಲಾಗುತ್ತದೆ. ಒಂದೇ ಹಕ್ಕಿ ಒಂದೆಡೆ ಶತ್ರು, ಒಂದೆಡೆ ಮಿತ್ರ, ಮತ್ತೊಂದೆಡೆ ಅಪರೂಪದ ಅತಿಥಿ!

ದಾರಿ ತಪ್ಪಿದ್ದೇ, ಹೊಸ ದಾರಿಯೇ?

ದೂರದಿಂದ ಬರುವ ಈ ಹಕ್ಕಿಗಳಲ್ಲಿ ಬಹುಪಾಲು ಆ ವರ್ಷವೇ ಹುಟ್ಟಿದ ಎಳೆಯವು. ದಿಕ್ಕಿನ ಅರಿವು ಹುಟ್ಟಿನಿಂದ ಬಂದ ಗುಣ. ಅದರಲ್ಲಿ ದೋಷವುಂಟಾದಾಗ ಹಕ್ಕಿ ಪೂರ್ವದ ಬದಲು ಪಶ್ಚಿಮಕ್ಕೆ ಹಾರುತ್ತದೆ ಎಂಬುದು ಒಂದು ವಿವರಣೆ. ಗಾಳಿಯೇ ಒಯ್ಯುತ್ತದೆ ಎಂಬುದು ಇನ್ನೊಂದು. ಆದರೆ ಇವೆರಡರಿಂದಲೇ ಎಲ್ಲವೂ ಬಗೆಹರಿಯುವುದಿಲ್ಲ. ಒಂದು ಕಾಲಕ್ಕೆ ಬಲು ವಿರಳವಾಗಿದ್ದ ಹಳದಿ ಹುಬ್ಬಿನ ಉಲಿಯಕ್ಕಿ ಈಗ ಪ್ರತಿ ಶರತ್ಕಾಲದಲ್ಲೂ ಬ್ರಿಟನ್ನಿಗೆ ನೂರಾರು ಸಂಖ್ಯೆಯಲ್ಲಿ ಬರುತ್ತಿದೆ. ರಿಚರ್ಡ್ಸ್ ಪಿಪಿಟ್ ಎಂಬ, ಬಯಲಿನಲ್ಲಿ ಓಡಾಡುವ ಸೈಬೀರಿಯದ ಹಕ್ಕಿಯ ಬಗ್ಗೆ 2021ರಲ್ಲಿ ಪ್ರಕಟವಾದ ಅಧ್ಯಯನ ಗಮನಾರ್ಹ. ದಕ್ಷಿಣ ಫ್ರಾನ್ಸಿನಲ್ಲಿ ಚಳಿಗಾಲ ಕಳೆದ ಹಕ್ಕಿಗಳೇ ಮರುವರ್ಷ ಅಲ್ಲಿಗೆ ಹಿಂದಿರುಗುವುದು ಅದರಲ್ಲಿ ಕಂಡುಬಂದಿತು. ದಾರಿ ತಪ್ಪಿದುದೇ ಕ್ರಮೇಣ ಹೊಸ ದಾರಿಯಾಗಬಹುದು ಎಂಬುದಕ್ಕೆ ಇದು ಆಧಾರ.

ಬೆಳ್ಳಕ್ಕಿಯದೂ ಇಂತಹದೇ ಕಥೆ. ಕೆರೆಯಂಚಿನಲ್ಲಿ ದಿನವೂ ಕಾಣುವ ಚಿಕ್ಕ ಬೆಳ್ಳಕ್ಕಿ ಇಂಗ್ಲೆಂಡಿನಲ್ಲಿ ಅಪರೂಪವಾಗಿತ್ತು. 1996ರಲ್ಲಿ ದಕ್ಷಿಣ ತೀರದ ಒಂದು ದ್ವೀಪದಲ್ಲಿ ಗೂಡು ಕಟ್ಟಿದ ಮೇಲೆ ಹಬ್ಬುತ್ತಾ ಬಂದು, ಈಗ ನಾರ್ಫಕ್ಕಿನ ಜೌಗಿನಲ್ಲಿ ವರ್ಷವಿಡೀ ಇರುತ್ತದೆ. ರಂಗನತಿಟ್ಟಿನಲ್ಲಿ ಗೂಡು ಕಟ್ಟುವ ಚಮಚ ಕೊಕ್ಕಿನ ಕೊಕ್ಕರೆ 2010ರಲ್ಲಿ ಹೋಲ್ಕಮ್ಮಿನಲ್ಲಿ ಗುಂಪಾಗಿ ಮರಿಮಾಡಿತು. ಬ್ರಿಟನ್ನಿನಲ್ಲಿ ಮುನ್ನೂರು ವರ್ಷಗಳ ನಂತರ ನೆಲೆಗೊಂಡ ಮೊದಲ ಸಂಸಾರ ಅದು. ಇಂದಿನ ಅಪರೂಪ ನಾಳಿನ ಬದಲಾವಣೆಯ ಮುನ್ಸೂಚನೆಯಾಗಿರಬಹುದು. ಆ ಸೂಚನೆಯನ್ನು ಓದಬೇಕಾದರೆ ಹಳೆಯ ದಾಖಲೆ ಸರಿಯಾಗಿರಬೇಕು.

ದಾಖಲೆಯ ಶಿಸ್ತು

1970 ಮತ್ತು 80ರ ದಶಕಗಳಲ್ಲಿ ಕ್ಲೇ ಹಳ್ಳಿಯ ಒಂದು ಚಹದಂಗಡಿಯೇ ಈ ಕರಾವಳಿಯ ವಾರ್ತಾ ಕೇಂದ್ರವಾಗಿತ್ತು. ಅಲ್ಲಿನ ದೂರವಾಣಿ ಗಂಟೆ ಬಾರಿಸಿದರೆ ಊಟಕ್ಕೆ ಕುಳಿತವರಲ್ಲಿ ಯಾರಾದರೊಬ್ಬರು ಎದ್ದು, ಆ ದಿನ ಎಲ್ಲಿ ಯಾವ ಹಕ್ಕಿಯಿದೆ ಎಂದು ತಿಳಿಸುತ್ತಿದ್ದರು. ಆದರೆ ಬಾಯಿಮಾತೇ ದಾಖಲೆಯಾಗುವುದಿಲ್ಲ. ನೋಡಿದವರು ಹಕ್ಕಿಯ ಗಾತ್ರ, ಬಣ್ಣ, ಕೂಗು, ನಡವಳಿಕೆ, ಬೆಳಕು, ದೂರ ಇವನ್ನೆಲ್ಲ ಬರೆದು ಕೊಡಬೇಕು. ಕೌಂಟಿಯ ಸಮಿತಿ ಅದನ್ನು ಪರಿಶೀಲಿಸುತ್ತದೆ. ಅತಿ ವಿರಳವಾದವುಗಳನ್ನು 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಮಿತಿ ಪರಿಶೀಲಿಸುತ್ತದೆ. ವಿವರ ಸಾಲದಿದ್ದರೆ ಎಷ್ಟೇ ಅನುಭವಿ ಹೇಳಿದರೂ ಒಪ್ಪುವುದಿಲ್ಲ.

ಈ ಬಿಗಿ ಏಕೆ ಬೇಕು ಎಂಬುದಕ್ಕೆ ಸಸೆಕ್ಸ್ ಎಂಬ ಇನ್ನೊಂದು ಕರಾವಳಿ ಕೌಂಟಿಯ ಪ್ರಕರಣ ಸಾಕ್ಷಿ. ಅಲ್ಲಿನ ಹೇಸ್ಟಿಂಗ್ಸ್ ಪಟ್ಟಣದ ಸುತ್ತ 1890ರ ದಶಕದಿಂದ ಹಲವು ದಶಕಗಳ ಕಾಲ ನೂರಾರು ಅಪರೂಪದ ಹಕ್ಕಿಗಳು ಸಿಕ್ಕವೆಂದು ವರದಿಯಾಗಿತ್ತು. ಅವುಗಳಿಗೆ ಒಳ್ಳೆಯ ಬೆಲೆಯೂ ಬರುತ್ತಿತ್ತು. 1962ರಲ್ಲಿ ಅಂಕಿಅಂಶಗಳನ್ನು ಕೂಲಂಕಷವಾಗಿ ಪರೀಕ್ಷಿಸಿದಾಗ ಅವು ನಂಬಲರ್ಹವಲ್ಲವೆಂದು ತಿಳಿದು, ಹಲವು ಹಕ್ಕಿಗಳ ಹೆಸರನ್ನು ದೇಶದ ಪಟ್ಟಿಯಿಂದಲೇ ಕೈಬಿಡಬೇಕಾಯಿತು. ಸುಳ್ಳು ದಾಖಲೆ ಕಲಬೆರಕೆ ಬೀಜವಿದ್ದಂತೆ. ಬಿತ್ತಿದ ಎಷ್ಟೋ ಕಾಲದ ಮೇಲೆ ಅದರ ನಷ್ಟ ತಿಳಿಯುತ್ತದೆ.

ಬೀಟ್ ಹೊಲ ಮತ್ತು ಹೆಬ್ಬಾತು

ನಾರ್ಫಕ್ಕಿನ ರೈತರಿಗೆ ಹಕ್ಕಿಗಳ ಸಂಬಂಧ ನೇರವಾಗಿ ಬರುವುದು ಸಕ್ಕರೆ ಬೀಟ್ ಹೊಲದಲ್ಲಿ. ಶರತ್ಕಾಲದಲ್ಲಿ ಐಸ್‌ಲೆಂಡ್, ಗ್ರೀನ್‌ಲೆಂಡ್‌ಗಳಿಂದ ನಸುಗೆಂಪು ಕಾಲಿನ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. 2000ರ ನಂತರದ ಕೆಲವು ಚಳಿಗಾಲಗಳಲ್ಲಿ ಇವುಗಳ ಸಂಖ್ಯೆ ಒಂದು ಲಕ್ಷವನ್ನೂ ಮೀರಿತ್ತು. ಬೀಟ್ ಕೀಳುವಾಗ ಕತ್ತರಿಸಿದ ಎಲೆ ಸಹಿತ ತಲೆಭಾಗ ಮತ್ತು ಗೆಡ್ಡೆಯ ಚೂರುಗಳು ಹೊಲದಲ್ಲಿ ಉಳಿಯುತ್ತವೆ. ಹೆಬ್ಬಾತುಗಳು ರಾತ್ರಿ ಕಡಲತೀರದ ಮರಳಿನಲ್ಲಿ ತಂಗಿ, ಹಗಲು ಈ ಉಳಿಕೆಯನ್ನು ತಿನ್ನುತ್ತವೆ. ಇದರಿಂದ ರೈತನಿಗೆ ನಷ್ಟವಿಲ್ಲ. ಕೊಯ್ಲಾದ ಮರುದಿನವೇ ಹೊಲವನ್ನು ಉತ್ತುಬಿಟ್ಟರೆ, ಅಥವಾ ಜನ ಹತ್ತಿರ ಹೋಗಿ ಬೆದರಿಸಿದರೆ, ಅದೇ ಹಿಂಡು ಪಕ್ಕದ ಚಳಿಗಾಲದ ಗೋಧಿಗೆ ಇಳಿಯುತ್ತದೆ. ನಷ್ಟ ಅಲ್ಲಿ ಆರಂಭವಾಗುತ್ತದೆ. ಆದುದರಿಂದ ಉಳುಮೆಯನ್ನು ಕೆಲವು ದಿನ ಮುಂದಕ್ಕೆ ಹಾಕಿದರೆ ಹಕ್ಕಿಗೂ ಲಾಭ, ಗೋಧಿಗೂ ರಕ್ಷಣೆ.

ಈ ದೊಡ್ಡ ಹಿಂಡುಗಳ ನಡುವೆಯೇ ಉತ್ತರ ರಷ್ಯ ಕಡೆಯ ಬೀನ್ ಹೆಬ್ಬಾತಿನಂತಹ ವಿರಳ ಹಕ್ಕಿ ಒಂದೆರಡು ಇರುತ್ತವೆ. ಅವನ್ನು ಹುಡುಕುವ ಆತುರದಲ್ಲಿ ಪ್ರೇಕ್ಷಕರು ಹೊಲದೊಳಗೆ ನುಗ್ಗಿದರೆ ಸಾವಿರಾರು ಹೆಬ್ಬಾತುಗಳು ಎದ್ದು ಹೋಗುತ್ತವೆ. ರಸ್ತೆಯಿಂದಲೇ ನೋಡುವುದು, ಬೆಳೆ ತುಳಿಯದಿರುವುದು, ಒಡೆಯನ ಅನುಮತಿ ಪಡೆಯುವುದು ಅಲ್ಲಿನ ಜವಾಬ್ದಾರಿಯುತ ವೀಕ್ಷಕರು ಪಾಲಿಸುವ ನಿಯಮ.

ರೈತರು ಗಮನಿಸಬೇಕಾದ ಅಂಶಗಳು

ನಾರ್ಫಕ್ಕಿನ ಅನುಭವದಿಂದ ಕರ್ನಾಟಕದ ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ತಿಳಿಯಬಹುದಾದ ಸಂಗತಿಗಳು ಇವು:

1. ಹೊಲದಂಚಿನ ಬೇಲಿಸಾಲು, ಕೆರೆಯಂಚಿನ ಜೊಂಡು, ತೋಟದ ನೆರಳು ಮರಗಳು ವಲಸೆ ಹಕ್ಕಿಗಳ ತಂಗುದಾಣ. ಇವನ್ನು ಒಮ್ಮೆಲೇ ಪೂರ್ತಿ ಸವರದೆ ಒಂದಿಷ್ಟು ಭಾಗವನ್ನು ಉಳಿಸಬೇಕು.

2. ಉಲಿಯಕ್ಕಿಗಳ ಆಹಾರ ಕೀಟಗಳು. ಅಗತ್ಯವಿಲ್ಲದೆ ಕೀಟನಾಶಕ ಸಿಂಪಡಿಸಿದರೆ ಹುಳುವಿನ ಜೊತೆಗೆ ಹುಳು ಹೆಕ್ಕುವ ಕೂಲಿಯಾಳನ್ನೂ ಕಳೆದುಕೊಂಡಂತೆ.

3. ಜೋಳದ ಹೊಲದಿಂದ ಗುಲಾಬಿ ಕಬ್ಬಕ್ಕಿಯನ್ನು ಸದ್ದು ಮಾಡಿ ಓಡಿಸಬಹುದು. ವಿಷವಿಕ್ಕುವುದು, ಬಲೆ ಒಡ್ಡುವುದು ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ನೆನಪಿನಲ್ಲಿಡಬೇಕು.

4. ಹೊಸ ಹಕ್ಕಿ ಕಂಡರೆ ದಿನಾಂಕ, ಊರು, ಬೆಳೆ, ಸಂಖ್ಯೆ, ಮೈಬಣ್ಣ, ಕೂಗು, ಹಿಂದಿನ ರಾತ್ರಿಯ ಗಾಳಿ ಮಳೆ ಇವನ್ನು ಅಂದೇ ಬರೆದಿಡಬೇಕು. ಮರುದಿನದ ನೆನಪು ನಂಬಲರ್ಹವಲ್ಲ.

5. ಕಾಲಿನಲ್ಲಿ ಉಂಗುರವಿರುವ ಹಕ್ಕಿ ಸತ್ತು ಸಿಕ್ಕಿದರೆ ಉಂಗುರದ ಮೇಲಿನ ಅಕ್ಷರ ಮತ್ತು ಅಂಕಿಗಳನ್ನು ಬರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸಬೇಕು.

ಚಿಕ್ಕಮಗಳೂರಿನ ತೋಟದಲ್ಲಿ ಹುಳು ಹೆಕ್ಕುವ ಹಕ್ಕಿಯೂ ನಾರ್ಫಕ್ಕಿನ ಉಪ್ಪುಗಿಡದಲ್ಲಿ ಗಾಳಿಗೆ ನಡುಗುತ್ತಾ ಕೂರುವ ಹಕ್ಕಿಯೂ ಒಂದೇ ಕಾಡಿನಲ್ಲಿ ಹುಟ್ಟಿದವಾಗಿರಬಹುದು. ಗಾಳಿಯನ್ನು ತಡೆಯಲು ಯಾರಿಂದಲೂ ಸಾಧ್ಯವಿಲ್ಲ. ಆದರೆ ಇಳಿದಲ್ಲಿ ಒಂದು ಪೊದೆ, ಒಂದು ಹಿಡಿ ಆಹಾರ ಉಳಿಯುವಂತೆ ನೋಡಿಕೊಳ್ಳುವುದು ಎರಡೂ ನಾಡುಗಳಲ್ಲಿ ರೈತನ ಕೈಯಲ್ಲಿದೆ.